ಹೇಗೋ, ಹಾಗೆ

ಮಂಡ್ಯದ ಬೆಲ್ಲದ ಮಂಡಿಯಲ್ಲಿ ಹನ್ನೊಂದು ವರ್ಷ
ನನ್ನ ತಕ್ಕಡಿಯ ಎಡತಟ್ಟೆಯ ಅಡಿ
ಒಂದು ಉಂಡೆ ಹುಣಸೆಹಣ್ಣು ಅಂಟಿಕೊಂಡಿತ್ತು.
ಅಂಟಿಕೊಂಡಿತ್ತು ಎನ್ನುತ್ತೇನೆ ನೋಡಿ, ಈಗಲೂ.
ಅಂಟಿಸಿದ್ದು ನಾನು.

ಕಲ್ಲಿಡುವ ತಟ್ಟೆ ಅದು.
ಬೆಳಗಿನ ಜಾವ ಗಾಡಿ ಹೊಡೆದುಕೊಂಡು ಬಂದವರು
ಮುಳ್ಳು ನೆಟ್ಟಗೆ ನಿಲ್ಲುವವರೆಗೆ
ಇನ್ನೊಂದಚ್ಚು, ಇನ್ನೊಂದಚ್ಚು ಇಡುತ್ತಿದ್ದರು.
"ಇನ್ನಾಸಪ್ಪೋರು ಶಿಲುಬೆ ಹಾಕ್ಕೊಂಡವ್ರು,
ಸುಳ್ಳು ತೂಗಾಕಿಲ್ಲ" ಎಂದು
ಪಕ್ಕದ ಗಾಡಿಯವನಿಗೆ ಹೇಳುತ್ತಿದ್ದರು.
ಆ ಮಾತೂ ಅದೇ ತಟ್ಟೆಗೆ ಬೀಳುತ್ತಿತ್ತು.
ಮುಳ್ಳು ಅಲುಗುತ್ತಿರಲಿಲ್ಲ.

ಶುಭ ಶುಕ್ರವಾರದ ಹಿಂದಿನ ಸಂಜೆ
ಪಾಪನಿವೇದನೆಯ ಜಾಲರಿಗೆ ಬಾಯಿಟ್ಟು ಎಲ್ಲ ಹೇಳಿದೆ.
ಯಾರಿಂದ ಎಷ್ಟು? ಗೊತ್ತಿಲ್ಲ ಸ್ವಾಮಿ.
ಅರ್ಧ ಜನ ತೀರಿಹೋಗಿದ್ದಾರೆ.
ಜಾಲರಿಯಾಚೆ ಫ್ಯಾನು ಮಾತ್ರ ತಿರುಗುತ್ತಿತ್ತು.
ಆಮೇಲೆ ಅವರು ಕೆಮ್ಮಿ ಹೇಳಿದರು:
ಉಳಿದವರ ಮನೆ ಹುಡುಕು, ಕೈಲಾದ್ದು ಕೊಡು.
ಪ್ರಾಯಶ್ಚಿತ್ತಕ್ಕೆ ಒಂದು ಪರಲೋಕ ಮಂತ್ರ.
"ಒಂದೇನಾ?"
"ಒಂದೇ. ನಿಧಾನಕ್ಕೆ ಹೇಳು."

ನಾನು ವ್ಯಾಪಾರಿ. ಇಷ್ಟು ಸೋವಿಗೆ ಕೊಟ್ಟರೆ
ಮಾಲಿನಲ್ಲಿ ಏನೋ ಐಬಿದೆ ಎಂದು
ತಿರುಗಿಸಿ ತಿರುಗಿಸಿ ನೋಡುವವನು.
ಐಬಿರಲಿಲ್ಲ.
ಹನ್ನೊಂದು ವರ್ಷವನ್ನು ತೂಗದೆಯೇ ತೆಗೆದುಕೊಂಡಿದ್ದರು.

ಮೊಣಕಾಲೂರಿ ಶುರುಮಾಡಿದೆ.
ಹೆಸರು ದಾಟಿತು, ರಾಜ್ಯ ದಾಟಿತು, ಅನ್ನ ದಾಟಿತು.
ಆ ಸಾಲಿಗೆ ಬಂದಾಗ
ಎರಡೇ ಅಕ್ಷರಕ್ಕೆ, "ಹಾಗೆ" ಎಂಬುದಕ್ಕೆ,
ಗಾಳ ನುಂಗಿದ ಮೀನಿನಂತೆ ಸಿಕ್ಕಿಕೊಂಡೆ.
ನಾವು ಹೇಗೋ, ಹಾಗೆ.
ಒಂದು ತಟ್ಟೆಯಲ್ಲಿ ಹೇಗೆ, ಇನ್ನೊಂದರಲ್ಲಿ ಹಾಗೆ.
ಅಡಿಯಲ್ಲಿ ಏನನ್ನೂ ಅಂಟಿಸಲು ಬಾರದ ತಕ್ಕಡಿ.

ತಮ್ಮ ಚೌರಪ್ಪ ನೆನಪಾದ.
ಒಂಬತ್ತು ವರ್ಷದ ಹಿಂದೆ, ನಾನು ಲೋಡಿನ ಜೊತೆ
ಈರೋಡಿಗೆ ಹೋಗಿದ್ದಾಗ, ಅವ್ವ ಹೋದಳು.
ಚಾಮರಾಜನಗರ ದಾಟಿದೆ, ಎರಡು ಗಂಟೆ ತಡಿ ಎಂದು
ಫೋನಿನಲ್ಲಿ ಕೂಗಿದೆ. ಅವನು ತಡೆಯಲಿಲ್ಲ.
ನಾನು ಬಂದಾಗ ಗುದ್ದಲಿ ತೊಳೆಯುತ್ತಿದ್ದರು.
ಹಿಡಿ ಮಣ್ಣು ಎತ್ತಿಕೊಂಡು ನಿಂತೆ.
ಮುಚ್ಚಿಯಾದ ಗುಂಡಿಗೆ ಹಾಕುವುದೆಲ್ಲಿ?
ಆವತ್ತಿನಿಂದ ದೇವಾಲಯದಲ್ಲಿ
ಅವನು ಎಡಸಾಲು, ನಾನು ಬಲಸಾಲು.

ಮಂತ್ರ ಅರ್ಧಕ್ಕೇ ಬಿಟ್ಟು ಎದ್ದೆ.
ವಿ.ಸಿ. ನಾಲೆಯ ಏರಿ ಹಿಡಿದು ಟಿವಿಎಸ್ ಓಡಿಸಿದೆ,
ಉಳಿದರ್ಧ ಬಾಯಲ್ಲಿ ಒಣಗುತ್ತಿತ್ತು.
ಆಲೆಮನೆಯಲ್ಲಿ ಚೌರಪ್ಪ ಬನಿಯನ್ನಲ್ಲಿ ನಿಂತು
ಕೊಪ್ಪರಿಗೆಯ ಮಡ್ಡಿ ತೆಗೆಯುತ್ತಿದ್ದ.
ತಿರುಗಿ ನೋಡಿದ. ಸೌಟು ನಿಲ್ಲಿಸಲಿಲ್ಲ.

ಯಾಕೆ ಕಾಯಲಿಲ್ಲ ಎಂದು ಕೇಳುವುದಕ್ಕೆ
ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದೆ.
ಕೇಳಲಿಲ್ಲ.
ಕೇಳಿದ್ದರೆ ಅವನು ಕಾರಣ ಕೊಡುತ್ತಿದ್ದ,
ಕೊಟ್ಟದ್ದನ್ನು ನಾನು ತೂಗುತ್ತಿದ್ದೆ.
ನನ್ನ ತೂಕ ನನಗೆ ಗೊತ್ತು.

"ಬೆಂಕಿ ನಾನ್ ನೋಡ್ಕತೀನಿ" ಎಂದೆ.
ಒಲೆಬಾಯಲ್ಲಿ ಕೂತು ಒಣಸಿಪ್ಪೆ ಒಟ್ಟಿದೆ.
ಮುಖ ಕಾಯಿತು. ಸುಮಾರು ಹೊತ್ತಾದ ಮೇಲೆ
ಅವನೆಂದ, ಕೊಪ್ಪರಿಗೆಗೇ ಹೇಳುವವನಂತೆ:
"ಎಷ್ಟ್ ತಗದ್ರೂ ಬತ್ತಾನೇ ಇರ್ತದೆ ಕಣಣ್ಣ."
"ಕುದಿಯೋಗಂಟ ಬತ್ತದೆ. ತಗೀತಾ ಇರು."

ಹೊರಟಾಗ ಕಬ್ಬಿನ ತುಂಡಿಗೆ ಬಿಸಿ ಪಾಕ ಸುತ್ತಿ ಕೊಟ್ಟ,
ಚಿಕ್ಕಂದಿನಲ್ಲಿ ಅವ್ವ ಕೊಡುತ್ತಿದ್ದ ಹಾಗೆ.
ಆತುರಕ್ಕೆ ನಾಲಗೆ ಸುಟ್ಟುಕೊಂಡೆ.

ಏರಿಯ ಮೇಲೆ ಕತ್ತಲು. ನಾಲೆಯಲ್ಲಿ ನೀರಿನ ಸದ್ದು.
ಆ ಸಾಲು ಎಲ್ಲಿ ದಾಟಿದೆನೋ ತಿಳಿಯಲಿಲ್ಲ,
ಸೇತುವೆಯ ಹತ್ತಿರ ಆಮೆನ್ ಬಂದುಬಿಟ್ಟಿತ್ತು.
ನಾಳೆ ಮತ್ತೆ ಸಿಕ್ಕಿಕೊಳ್ಳಬಹುದು.

ಬೆಳಿಗ್ಗೆ ಎದ್ದು ಕೆರಗೋಡಿನ ಕಡೆ ಹೋಗಬೇಕು.
ಹುಣಸೆಹಣ್ಣಿನ ಲೆಕ್ಕದಲ್ಲಿ ಅದು ಮೊದಲ ಮನೆ.
ಯಜಮಾನರು ಇಲ್ಲ, ಮಗಳಿದ್ದಾಳಂತೆ.
ಬಾಗಿಲು ತೆಗೆದು
ಏನನ್ನುತ್ತಾಳೋ.